ತೊಟ್ಟಿಲಿಗೊಬ್ಬಳು, ತೊದಲಿಗೊಬ್ಬ

ರೋಮಿನ ಹಳೆಯ ಪದ್ಧತಿಯ ಮನೆಗಳಲ್ಲಿ ರಾತ್ರಿಯ ಊಟ ಅರ್ಧಕ್ಕೆ ಬಂದಾಗ ಮಾತು ಒಮ್ಮೆಲೇ ನಿಲ್ಲುತ್ತಿತ್ತು. ಮೊದಲ ಸುತ್ತಿನ ಬಡಿಸಾಟ ಮುಗಿದಿದೆ, ಮೇಜು ಖಾಲಿ ಮಾಡಿದ್ದಾರೆ, ಹಣ್ಣು ಸಿಹಿ ಇನ್ನೂ ಬಂದಿಲ್ಲ. ಆಗ ದೇವರ ಪಾಲೆಂದು ತೆಗೆದಿಟ್ಟಿದ್ದ ತುತ್ತನ್ನು ಒಲೆಯ ಬಳಿಗೆ ಒಯ್ದು ಬೆಂಕಿಗೆ ಹಾಕುವರು. ಅಲ್ಲಿಯವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಒಬ್ಬ ಹುಡುಗ ಬಂದು, ದೇವರು ಒಲಿದಿದ್ದಾರೆ ಎಂದು ಸಾರಿದ ಮೇಲೆಯೇ ಮತ್ತೆ ಗಲಗಲ. ಕ್ರಿ.ಶ. 400ರ ಆಸುಪಾಸಿನ ವ್ಯಾಕರಣದ ಮೇಷ್ಟ್ರು ಸರ್ವಿಯಸ್‌ನ ಹೆಸರಿನಲ್ಲಿ ಉಳಿದಿರುವ ವರ್ಜಿಲ್ ಟೀಕೆ ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗಿಬಿಡುತ್ತದೆ.

ಪುರೋಹಿತನಲ್ಲ, ಮನೆಯ ಯಜಮಾನನಲ್ಲ, ಹುಡುಗ. ಅವನು ಮನೆಯ ಮಗನೋ, ಗುಲಾಮರ ಪೋರನೋ, ಟೀಕೆ ಬಿಡಿಸಿ ಹೇಳುವುದಿಲ್ಲ. ದೇವರ ಮನಸ್ಸು ಹೇಗಿದೆ ಎಂದು ನೋಡಿ ಬಂದು ಹೇಳುವ ಕೆಲಸವನ್ನು ದೊಡ್ಡವರು ಚಿಕ್ಕವನೊಬ್ಬನಿಗೆ ಬಿಟ್ಟಿದ್ದರು ಎಂಬುದೇ ನನಗೆ ಮುಖ್ಯ. ಕಾಲೇಜಿನಲ್ಲಿ ರೋಮಿನ ಇತಿಹಾಸ ಪಾಠ ಮಾಡುತ್ತಿದ್ದ ಕಾಲದಲ್ಲಿ ನಾನು ಚಕ್ರವರ್ತಿಗಳನ್ನೂ ಯುದ್ಧಗಳನ್ನೂ ಒಪ್ಪಿಸಿ ಗಂಟೆ ಹೊಡೆಯುವುದನ್ನು ಕಾಯುತ್ತಿದ್ದವಳು. ಚಿತ್ರದುರ್ಗದ ಚಂದ್ರವಳ್ಳಿಯ ಅಗೆತದಲ್ಲಿ ಅಗಸ್ಟಸ್, ಟಿಬೇರಿಯಸ್‌ರ ಬೆಳ್ಳಿ ನಾಣ್ಯಗಳು ಸಿಕ್ಕಿವೆ ಎಂದಾಗ ಮಾತ್ರ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು. ಆ ನಾಣ್ಯದ ಮುಖದ ಹಿಂದೆ ಒಂದು ಅಡಿಗೆಮನೆ ಇತ್ತು, ಅಲ್ಲಿ ಮಕ್ಕಳು ಬೆಳೆಯುತ್ತಿದ್ದರು ಎಂಬುದು ಪಠ್ಯದಲ್ಲೂ ಇರಲಿಲ್ಲ, ಪರೀಕ್ಷೆಗೂ ಬರುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ನಾನು ಓದತೊಡಗಿದ್ದು ಆ ಅಡಿಗೆಮನೆಯನ್ನು. ಕ್ರೈಸ್ತರು ಆಮೇಲೆ ಪೇಗನ್ ಎಂದು ಬದಿಗೆ ಸರಿಸಿದ ಆ ಮನೆಗಳಲ್ಲಿ ಮಗುವಿಗೆ ಧರ್ಮವನ್ನು ಹೇಗೆ ಕಲಿಸುತ್ತಿದ್ದರು? ಓದಿದಷ್ಟೂ ನನಗೆ ಗಟ್ಟಿಯಾದ ಉತ್ತರ ಒಂದೇ: ಕಲಿಸುತ್ತಿರಲಿಲ್ಲ, ಕೆಲಸಕ್ಕೆ ಹಚ್ಚುತ್ತಿದ್ದರು. ಓದಿಸಲು ಧರ್ಮಗ್ರಂಥ ಇರಲಿಲ್ಲ, ಬಾಯಿಪಾಠ ಮಾಡಿಸಲು ವಿಶ್ವಾಸದ ಸೂತ್ರ ಇರಲಿಲ್ಲ. ಹೂಮಾಲೆ ಹಿಡಿದುಕೋ, ಧೂಪದ ಡಬ್ಬಿ ತಾ, ಈಗ ಸುಮ್ಮನಿರು, ಈಗ ಹೇಳು, ಇಷ್ಟೇ.

ಇದನ್ನೆಲ್ಲ ಕೂತು ಬರೆದಿಟ್ಟ ರೋಮನ್ ತಾಯಿಯ ಪುಸ್ತಕ ಒಂದೂ ನಮಗೆ ದಕ್ಕಿಲ್ಲ. ಬರೆದವರು ಗಂಡಸರು. ಅವರಲ್ಲೂ ಹೆಚ್ಚಿನ ವಿವರ ಕೊಟ್ಟವರು ಹಾಸ್ಯ ಮಾಡಲು, ಹಳಿಯಲು ಹೊರಟವರು. ಕ್ರಿ.ಪೂ. ಮೊದಲ ಶತಮಾನದಲ್ಲಿ ವಾರೋ ಎಂಬ ಮಹಾಪಂಡಿತ ರೋಮಿನ ದೇವರುಗಳ ಬಗ್ಗೆ 16 ಸಂಪುಟ ಬರೆದು ಜೂಲಿಯಸ್ ಸೀಸರನಿಗೆ ಅರ್ಪಿಸಿದ. ಶತ್ರುಗಳು ದಾಳಿ ಮಾಡಿ ದೇವರನ್ನು ಕೆಡವುತ್ತಾರೆಂಬ ಭಯ ಅವನಿಗಿರಲಿಲ್ಲ. ನಾಗರಿಕರ ಅಸಡ್ಡೆಯಿಂದಲೇ ದೇವರು ಅಳಿದುಹೋಗುತ್ತಾರೆ ಎಂಬ ಭಯವಿತ್ತು. ಮಕ್ಕಳನ್ನು ಬೆಳೆಸುವುದರ ಬಗ್ಗೆಯೇ ಬೇರೊಂದು ಪುಸ್ತಕವನ್ನೂ ಬರೆದ. ಅದರ ಒಂದು ಚೂರಿನಲ್ಲಿ ತನ್ನ ಬಾಲ್ಯ ನೆನೆಯುತ್ತಾನೆ: ಒಂದೇ ಅಂಗಿ, ಜೀನಿಲ್ಲದ ಕುದುರೆ, ದಿನಾ ಸ್ನಾನವಿಲ್ಲ. ಎಲ್ಲ ಕಾಲದ ಅಜ್ಜಂದಿರೂ ಹೀಗೇ ಮಾತಾಡಿದ್ದಾರೆಂದು ಕಾಣುತ್ತದೆ.

ಈ ಎರಡೂ ಪುಸ್ತಕ ಕಳೆದುಹೋಗಿವೆ. ಮೊದಲನೆಯದರ ಬಹುಪಾಲು ಸುದ್ದಿ ನಮಗೆ ಸಿಕ್ಕಿರುವುದು ಒಬ್ಬ ವಿರೋಧಿಯಿಂದ. 410ರಲ್ಲಿ ಗಾಥರು ರೋಮನ್ನು ಲೂಟಿ ಮಾಡಿದಾಗ, ಹಳೆಯ ದೇವರನ್ನು ಬಿಟ್ಟದ್ದಕ್ಕೇ ಈ ಗತಿ ಎಂದು ಜನ ಆಡಿಕೊಂಡರು. ಅವರ ಬಾಯಿ ಮುಚ್ಚಿಸಲು ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ ‘ದೇವರ ನಗರ’ ಬರೆಯತೊಡಗಿದ. ವಾರೋನ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದು ಹೆಸರನ್ನೂ ಎತ್ತಿ ಆಡಿಸಿ ಬಿಸಾಕಿದ. ಕೂಸಿನ ಮೊದಲ ಕೂಗಿಗೆ ವಾತಿಕಾನಸ್. ತೊಟ್ಟಿಲಿಗೆ ಕುನೀನ. ಮೊಲೆಹಾಲಿಗೆ ರುಮೀನ. ತಿನ್ನುವುದಕ್ಕೆ ಎದುಕ, ಕುಡಿಯುವುದಕ್ಕೆ ಪೊತೀನ. ಎದ್ದು ನಿಲ್ಲಲು ಸ್ತಾತಿಲೀನಸ್. ಹೊಸಿಲು ದಾಟಿ ಹೋಗುವಾಗ ಅಬೆಯೊನ, ತಿರುಗಿ ಬರುವಾಗ ಅದೆಯೊನ. ಒಂದು ಬಾಗಿಲಿಗೆ ಕಾವಲುಗಾರ ಮನುಷ್ಯನಾದರೆ ಒಬ್ಬ ಸಾಕು, ಇವರಿಗೆ ಕದಕ್ಕೊಂದು ತಿರುಗಣಿಗೊಂದು ಹೊಸಿಲಿಗೊಂದು ಎಂದು ಮೂರು ದೇವರು ಬೇಕಾದರಲ್ಲ ಎಂದು ಅವನ ಗೇಲಿ. ಅಗಸ್ಟೀನನ ಮೇಲೆ ನನಗೆ ಸಿಟ್ಟೂ ಇದೆ, ಅವನ ಋಣವೂ ಇದೆ. ಅವನು ನಗದೇ ಇದ್ದಿದ್ದರೆ ಇಂಥ ಹೆಸರುಗಳಲ್ಲಿ ಎಷ್ಟನ್ನೋ ನಾವು ಕೇಳುತ್ತಿರಲಿಲ್ಲವೇನೋ.

ಮನೆಮನೆಯಲ್ಲೂ ಈ ಹೆಸರುಗಳನ್ನೆಲ್ಲ ಕರೆಯುತ್ತಿದ್ದರೇ, ಅಥವಾ ಇದು ಪುರೋಹಿತರ ಕಡತದ ಪಟ್ಟಿಯೇ ಎಂಬ ಜಗಳ ವಿದ್ವಾಂಸರಲ್ಲಿದೆ. ಎಲ್ಲವನ್ನೂ ಕಡತಕ್ಕೆ ಕಟ್ಟಿಹಾಕಲು ನನಗೆ ಮನಸ್ಸಿಲ್ಲ. ರುಮೀನಳಿಗೆ ರೋಮಿನಲ್ಲಿ ಅಂಜೂರದ ಮರದ ಹತ್ತಿರ ಗುಡಿಯೇ ಇತ್ತು. ಅವಳಿಗೆ ದ್ರಾಕ್ಷಾರಸ ಸಲ್ಲುತ್ತಿರಲಿಲ್ಲ, ಹಾಲು ಎರೆಯುತ್ತಿದ್ದರು. ಎಳೆಗೂಸಿಗೆ ಮದ್ಯ ಆಗದು, ಅದಕ್ಕೇ ಇರಬೇಕು ಎಂದು ಗ್ರೀಕ್ ಲೇಖಕ ಪ್ಲೂಟಾರ್ಕ್ ಊಹಿಸಿದ. ಮಗು ಮೊದಲ ಮಾತಾಡಿದಾಗ ಫಾಬುಲೀನಸ್ ಎಂಬ ದೇವರಿಗೆ ತಂದೆತಾಯಿ ಪೂಜೆ ಸಲ್ಲಿಸುತ್ತಿದ್ದರೆಂದು ವಾರೋನೇ ಬರೆದ ಚೂರು ಉಳಿದಿದೆ. ತೊದಲಿಗೊಬ್ಬ ದೇವರಿದ್ದನೆಂದರೆ ಆ ಮನೆಯವರು ಮಗುವಿನ ಬೆಳವಣಿಗೆಯನ್ನು ಎಷ್ಟು ಸಣ್ಣ ಹೆಜ್ಜೆಗಳಲ್ಲಿ ಲೆಕ್ಕವಿಟ್ಟಿದ್ದರು ನೋಡಿ. ಒಂದೊಂದು ಹೆಜ್ಜೆಯೂ ತಪ್ಪಿಹೋಗಬಹುದಾದ ಹೆಜ್ಜೆಯಾಗಿತ್ತು.

ಹೆರಿಗೆಯ ರಾತ್ರಿಯಿಂದಲೇ ಭಯ ಶುರು. ಕಾಡಿನ ದೇವರು ಸಿಲ್ವಾನಸ್ ಬಾಣಂತಿಯ ಮೇಲೆ ಎರಗದಂತೆ ಮೂವರು ಗಂಡಸರು ಮನೆಯ ಹೊಸಿಲುಗಳನ್ನು ಸುತ್ತಿಬರುತ್ತಿದ್ದರು. ಒಬ್ಬ ಕೊಡಲಿಯಿಂದ ಹೊಸಿಲಿಗೆ ಹೊಡೆಯುವನು, ಇನ್ನೊಬ್ಬ ಒನಕೆಯಿಂದ ಕುಟ್ಟುವನು, ಮೂರನೆಯವನು ಪೊರಕೆಯಿಂದ ಗುಡಿಸುವನು. ಮೂರಕ್ಕೂ ಒಂದೊಂದು ದೈವ. ಕಬ್ಬಿಣವಿಲ್ಲದೆ ಮರ ಬೀಳದು, ಒನಕೆಯಿಲ್ಲದೆ ಕಾಳು ಹಿಟ್ಟಾಗದು, ಪೊರಕೆಯಿಲ್ಲದೆ ಕಣದ ರಾಶಿ ಕೂಡದು. ಬೇಸಾಯದ ಮೂರು ಗುರುತು ತೋರಿಸಿ ಕಾಡನ್ನು ಹೊರಗೇ ನಿಲ್ಲಿಸುವ ಉಪಾಯ. ಕೊಡಲಿಯ ಸದ್ದಿಗೆ ಬೆಚ್ಚಿದ ಕೂಸಿಗೆ ಇದೆಲ್ಲ ಏನೂ ತಿಳಿಯದು. ಆದರೆ ಅದೇ ಮನೆಯ ಐದಾರು ವರ್ಷದ ಅಕ್ಕನೋ ಅಣ್ಣನೋ ಕತ್ತಲಲ್ಲಿ ಕಣ್ಣರಳಿಸಿಕೊಂಡು ಕೇಳಿಸಿಕೊಂಡಿರಬೇಕು. ಅವರ ಪಾಠ ಅಲ್ಲೇ ಆಯಿತು.

ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಕೂಡ ಅಗಸ್ಟೀನನಂಥದೇ ವಿರೋಧಿ. ಮೂರನೆಯ ಶತಮಾನದ ಆರಂಭದಲ್ಲಿ ಅವನು ಕೊಟ್ಟ ಚಿತ್ರ: ಗುಡಿಯಲ್ಲಿ ಮಾಡಿಸಿ ತಂದ ಪಟ್ಟಿ ಬಸುರಿಯ ಹೊಟ್ಟೆಗೆ; ಮಗು ಹುಟ್ಟಿದ ಮೇಲೆ ವಾರವಿಡೀ ಜೂನೋ ದೇವಿಗೆ ಊಟದ ಮೇಜು ಹಾಸಿರಬೇಕು; ಕೊನೆಯ ದಿನ ಹಣೆಬರಹ ಬರೆಯುವ ದೇವತೆಗಳನ್ನು ಕರೆಯಬೇಕು. ಹೆಣ್ಣಿಗೆ ಎಂಟನೆಯ ದಿನ, ಗಂಡಿಗೆ ಒಂಬತ್ತನೆಯ ದಿನ ಶುದ್ಧಿ ಮಾಡಿ ಹೆಸರಿಡುತ್ತಿದ್ದರು. ಹೊಕ್ಕುಳಬಳ್ಳಿ ಉದುರುವವರೆಗೆ ಕೂಸು ಪ್ರಾಣಿಗಿಂತ ಗಿಡಕ್ಕೇ ಹತ್ತಿರ ಎಂದು ಪ್ಲೂಟಾರ್ಕ್ ಇದಕ್ಕೆ ಕಾರಣ ಹುಡುಕಿದ. ಆ ಎಂಟು ದಿನದಲ್ಲಿ ಹೋದ ಮಗುವಿಗೆ ಹೆಸರೇ ಇರಲಿಲ್ಲ.

ದೃಷ್ಟಿಯ ವಿಷಯಕ್ಕೆ ಬಂದರೆ ಸಾಕ್ಷಿ ಹೇಳುವವನು ಪೆರ್ಸಿಯಸ್, ನೀರೋನ ಕಾಲದ ವಿಡಂಬನಕಾರ. ಅಜ್ಜಿಯೋ ದೇವರಿಗೆ ಹೆದರುವ ಚಿಕ್ಕಮ್ಮನೋ ತೊಟ್ಟಿಲಿಂದ ಕೂಸನ್ನೆತ್ತಿ, ನಡುಬೆರಳಿಗೆ ಉಗುಳು ಹಚ್ಚಿ ಅದರ ಹಣೆಗೂ ತುಟಿಗೂ ಸವರುತ್ತಾಳೆ. ಆಮೇಲೆ ಅದನ್ನು ಕೈಯಲ್ಲಿ ಕುಣಿಸುತ್ತ ರಾಜರ ಅಳಿಯನಾಗಲಿ, ನಡೆದಲ್ಲೆಲ್ಲ ಗುಲಾಬಿ ಅರಳಲಿ ಎಂದು ಬೇಡುತ್ತಾಳೆ. ಇಂಥ ಹರಕೆ ಹೊರುವ ಕೆಲಸಕ್ಕೆ ನಾನಾದರೆ ದಾದಿಯನ್ನು ಇಡಲಾರೆ ಎಂದು ಪೆರ್ಸಿಯಸ್ ಮೂಗು ಮುರಿಯುತ್ತಾನೆ. ಮುನ್ನೂರು ವರ್ಷ ಕಳೆದು ಆಂಟಿಯೋಕ್ ನಗರದ ಕ್ರೈಸ್ತ ಬೋಧಕ ಜಾನ್ ಕ್ರಿಸೊಸ್ತೊಮ್ ಹೊಡೆದುಕೊಂಡದ್ದೂ ಇದೇ ಗೋಡೆಗೆ. ಸ್ನಾನದ ಮನೆಯಲ್ಲಿ ದಾದಿಯರು ಕೆಸರು ತೆಗೆದು ಕೂಸಿನ ಹಣೆಗೆ ಮೆತ್ತುತ್ತಾರೆ, ಕೈಗೆ ಗೆಜ್ಜೆ ಮತ್ತು ಕೆಂಪು ದಾರ ಕಟ್ಟುತ್ತಾರೆ ಎಂದು ಅವನು ಕಿಡಿಕಾರಿದ್ದು ಪೇಗನ್ನರ ಮೇಲಲ್ಲ, ತನ್ನ ಎದುರಿಗೇ ಕೂತಿದ್ದ ಭಕ್ತರ ಮೇಲೆ. ನನ್ನ ಅಜ್ಜಿ ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಡುವಾಗ ಮುಖದಲ್ಲಿ ಭಕ್ತಿ ಇರುತ್ತಿರಲಿಲ್ಲ, ಹಾಲು ಉಕ್ಕದಂತೆ ನೋಡಿಕೊಳ್ಳುವವಳ ಎಚ್ಚರ ಇರುತ್ತಿತ್ತು. ಆಂಟಿಯೋಕಿನ ದಾದಿಯರದೂ ಅದೇ ಮುಖವಿರಬೇಕೆಂದು ಊಹಿಸುತ್ತೇನೆ; ಅದಕ್ಕಿಂತ ಹೆಚ್ಚಿಗೆ ಹೋಲಿಸಲು ಹೋಗುವುದಿಲ್ಲ. ರೋಮಿನಲ್ಲಿ ಕಂಡದ್ದನ್ನೆಲ್ಲ ನಮ್ಮದೇ ಎಂದು ಎತ್ತಿಕೊಳ್ಳುವ ಚಟ ನಮ್ಮಲ್ಲಿ ಹಲವರಿಗಿದೆ, ಅದರಿಂದ ರೋಮೂ ತಿಳಿಯುವುದಿಲ್ಲ ನಾವೂ ತಿಳಿಯುವುದಿಲ್ಲ.

ಯಾಕೆಂದರೆ ಇದೇ ಮನೆಗೆ ಇನ್ನೊಂದು ಮುಖವಿತ್ತು. ಅಪ್ಪನಾದವನು ಹುಟ್ಟಿದ ಕೂಸನ್ನು ಬೆಳೆಸುವುದಿಲ್ಲ ಎಂದರೆ ಅದನ್ನು ಹೊರಗೆ ಇಟ್ಟುಬಿಡಬಹುದಾಗಿತ್ತು. ರೋಮನ್ನರ ಆಳ್ವಿಕೆಯ ಈಜಿಪ್ಟಿನಿಂದ ಕ್ರಿ.ಪೂ. 1ನೆಯ ವರ್ಷದ ಒಂದು ಕಾಗದ ಮರಳಿನಲ್ಲಿ ಉಳಿದು ನಮಗೆ ಸಿಕ್ಕಿದೆ. ಗ್ರೀಕಿನಲ್ಲಿದೆ. ಕೂಲಿಗೆಂದು ಅಲೆಕ್ಸಾಂಡ್ರಿಯಕ್ಕೆ ಹೋದ ಹಿಲಾರಿಯೊನ್ ಎಂಬಾತ ಬಸುರಿ ಹೆಂಡತಿ ಆಲಿಸ್‌ಗೆ ಬರೆದದ್ದು. ಚಿಕ್ಕ ಮಗನನ್ನು ಚೆನ್ನಾಗಿ ನೋಡಿಕೋ, ಸಂಬಳ ಕೈಸೇರಿದ ಕೂಡಲೇ ಕಳಿಸುತ್ತೇನೆ ಎನ್ನುತ್ತಾನೆ. ಹೆರಿಗೆಯಾದರೆ, ಗಂಡಾದರೆ ಇರಲಿ, ಹೆಣ್ಣಾದರೆ ಬಿಸಾಡು ಎನ್ನುತ್ತಾನೆ. ಮರೆಯಬೇಡ ಎಂದು ಹೇಳಿಕಳಿಸಿದ್ದೀಯಲ್ಲ, ನಿನ್ನನ್ನು ಹೇಗೆ ಮರೆಯಲಿ, ಕಳವಳ ಪಡಬೇಡ ಎಂದು ಮುಗಿಸುತ್ತಾನೆ. ಒಂದೇ ಉಸಿರಿನಲ್ಲಿ ಅಷ್ಟು ಅಕ್ಕರೆ, ಅಷ್ಟು ಕ್ರೌರ್ಯ. ಈ ಕಾಗದವನ್ನು ಓದಿದ ದಿನ ನನಗೆ ತೊಟ್ಟಿಲ ದೇವತೆಯ ಮೇಲಿನ ಮೋಹ ಅರ್ಧ ಇಳಿಯಿತು. ಹೀಗೆ ಕೂಸನ್ನು ಹೊರಗಿಡುವುದು ಕಾನೂನಿನ ಪ್ರಕಾರ ಅಪರಾಧವಾದದ್ದು 374ರಲ್ಲಿ, ಕ್ರೈಸ್ತ ಚಕ್ರವರ್ತಿಗಳ ಕಾಲದಲ್ಲಿ. ಈ ಮಾತನ್ನು ಅಗಸ್ಟೀನನ ಪಕ್ಷಕ್ಕೆ ಜಮಾ ಮಾಡಲೇಬೇಕು.

ಉಳಿಸಿಕೊಂಡ ಮಗುವಿನ ಕೊರಳಿಗೆ ಬುಲ್ಲಾ ಬೀಳುತ್ತಿತ್ತು. ಒಳಗೆ ರಕ್ಷೆಯಿರುವ ದುಂಡನೆಯ ತಾಯಿತ. ಉಳ್ಳವರಿಗೆ ಚಿನ್ನದ್ದು, ಇಲ್ಲದವರಿಗೆ ತೊಗಲಿನದು. ಮೈಮೇಲೆ ನೇರಳೆಗೆಂಪು ಅಂಚಿನ ಟೋಗಾ. ಈ ಅಂಚಿನ ಬಟ್ಟೆ ತೊಟ್ಟ ಮಕ್ಕಳ ಮುಂದೆ ಹೊಲಸು ಮಾತಾಡಬಾರದೆಂಬ ಕಟ್ಟಳೆ ಇತ್ತು. ಗುಲಾಮರ ಮಕ್ಕಳಿಗೆ ಬುಲ್ಲಾ ಇಲ್ಲ, ಅಂಚೂ ಇಲ್ಲ. ಬರಿಮೈಯಲ್ಲಿ ಆಡುವಾಗ ಯಾರನ್ನು ಮುಟ್ಟಬಾರದು ಎಂಬ ಗುರುತಿಗೇ ಸ್ವತಂತ್ರರ ಹುಡುಗರಿಗೆ ತಾಯಿತ ಕಟ್ಟುತ್ತಿದ್ದರೋ ಏನೋ ಎಂದು ಪ್ಲೂಟಾರ್ಕ್ ತಣ್ಣಗೆ ಒಂದು ಕಾರಣ ಕೊಡುತ್ತಾನೆ. ಗುರುತಿಲ್ಲದ ಮಕ್ಕಳ ಗತಿ ಏನು ಎಂದು ಅವನು ಬರೆಯುವುದಿಲ್ಲ, ಬರೆಯಬೇಕಾಗಿಯೂ ಇಲ್ಲ. ಚಳಿಗಾಲದ ಕೊಂಪಿತಾಲಿಯ ಹಬ್ಬದಲ್ಲಿ ದಾರಿಗಳು ಕೂಡುವ ಕಡೆಯ ಗುಡಿಗೆ ರಾತ್ರಿ ಉಣ್ಣೆಯ ಬೊಂಬೆಗಳನ್ನು ನೇತುಹಾಕುತ್ತಿದ್ದರು, ಮನೆಯಲ್ಲಿ ಎಷ್ಟು ತಲೆಯೋ ಅಷ್ಟು. ಸ್ವತಂತ್ರರಿಗೆ ಕೈಕಾಲು ಮುಖವಿರುವ ಬೊಂಬೆ. ಗುಲಾಮರಿಗೆ ಬರೀ ಉಂಡೆ. ಎಣಿಸಲು ಕಲಿಯುವ ವಯಸ್ಸಿನ ಮಗು ಮನುಷ್ಯರಲ್ಲಿ ಎರಡು ಬಗೆ ಎಂಬುದನ್ನೂ ಆ ಹಗ್ಗದಲ್ಲೇ ಎಣಿಸಿ ಕಲಿಯುತ್ತಿತ್ತು.

ಪೊಂಪೆಯಲ್ಲಿ ವೆತ್ತಿಯರ ಮನೆಯ ದೇವರ ಗೂಡನ್ನು ನೋಡಲು ನಿಂತಾಗ ನನ್ನ ಕುತ್ತಿಗೆ ನೋಯಿತು. 1890ರ ದಶಕದಲ್ಲಿ ಅಗೆದು ತೆಗೆದ ಈ ಮನೆ ಬಹುಕಾಲ ಮುಚ್ಚಿದ್ದು 2023ರಲ್ಲಿ ಮತ್ತೆ ತೆರೆಯಿತು. ಸಣ್ಣ ಗುಡಿಯಂತೆ ಕಟ್ಟಿದ ಗೂಡು. ನಡುವೆ ತಲೆಗೆ ಟೋಗಾ ಮುಸುಕು ಹೊದ್ದ ಗೆನಿಯಸ್, ಮನೆಯ ಯಜಮಾನನ ಜೀವಚೈತನ್ಯ. ಎರಡು ಕಡೆ ಕುಣಿಯುವ ಹೆಜ್ಜೆಯಲ್ಲಿ ಕೊಂಬಿನ ಬಟ್ಟಲೆತ್ತಿದ ಇಬ್ಬರು ಲಾರ್, ಅಂದರೆ ಮನೆದೇವರು. ಕೆಳಗೆ ಬಲಿಪೀಠದತ್ತ ಹರಿಯುತ್ತಿರುವ ದಪ್ಪ ಹಾವು. ಇರುವುದು ಅಡಿಗೆಮನೆಯ ಪಕ್ಕದ ಒಳಾಂಗಣದಲ್ಲಿ, ಬಂದ ಅತಿಥಿಗಳ ಕಣ್ಣಿಗೆ ಬೀಳುವ ಮುಂಭಾಗದಲ್ಲಲ್ಲ. ಊರಿನ ಬಹಳಷ್ಟು ಅಡಿಗೆಮನೆಗಳ ಗೋಡೆಯಲ್ಲೂ ಹೀಗೆಯೇ, ದೇವರು ಮೇಲಿನ ಸಾಲಿನಲ್ಲಿ, ಹಾವು ಕೆಳಗಿನ ಸಾಲಿನಲ್ಲಿ. ದೊಡ್ಡವರು ಬರೆದ ಪುಸ್ತಕಗಳು ಗೆನಿಯಸ್‌ನಿಂದ ವಿವರಣೆ ಶುರುಮಾಡುತ್ತವೆ. ನೆಲದ ಮೇಲೆ ಅಂಬೆಗಾಲಿಡುವವರಿಗೆ ಹಾವೇ ಮೊದಲು. ಹಾವಿನಿಂದ ಮೇಲಕ್ಕೆ, ಒಂದೊಂದು ವರ್ಷಕ್ಕೆ ಒಂದೊಂದು ಗೇಣು, ದೇವರ ಕಡೆಗೆ ಬೆಳೆಯುವುದು. ಅದೇ ಊರಿನ ಇನ್ನೊಂದು ಅಡಿಗೆಮನೆಯ ಚಿತ್ರದಲ್ಲಿ ಯಜಮಾನ, ಯಜಮಾನಿ, ಕೊಳಲೂದುವವನು, ಅವರ ಪಕ್ಕದಲ್ಲಿ ಸಾಲಾಗಿ ಒತ್ತೊತ್ತಿಗೆ ನಿಂತ ಮನೆಮಂದಿ ಇದ್ದಾರೆ, ಎಲ್ಲರೂ ಒಂದೇ ಭಂಗಿಯಲ್ಲಿ.

ದಿನನಿತ್ಯದ ಕೆಲಸದಲ್ಲಿ ಮಕ್ಕಳ ಪಾಲು ದೊಡ್ಡದು. ತಿಂಗಳ ಮೊದಲ ದಿನ, ಐದು ಅಥವಾ ಏಳನೆಯ ದಿನ, ಹದಿಮೂರು ಅಥವಾ ಹದಿನೈದನೆಯ ದಿನ ಒಲೆಗೆ ಹೂಮಾಲೆ ಹಾಕಬೇಕೆಂದು ಹಿರಿಯ ಕೇಟೋ ತನ್ನ ಬೇಸಾಯದ ಪುಸ್ತಕದಲ್ಲಿ ಅಪ್ಪಣೆ ಕೊಡಿಸುತ್ತಾನೆ. ಪ್ಲಾಟಸ್‌ನ ಒಂದು ನಾಟಕದಲ್ಲಿ ಮನೆದೇವರು ಲಾರನೇ ರಂಗಕ್ಕೆ ಬಂದು, ಈ ಮನೆಯ ಜಿಪುಣ ಅಪ್ಪನಿಗಿಂತ ಅವನ ಮಗಳು ವಾಸಿ, ದಿನವೂ ಧೂಪವೋ ದ್ರಾಕ್ಷಾರಸವೋ ಮಾಲೆಯೋ ತಂದಿಡುತ್ತಾಳೆ, ಅವಳ ಮದುವೆಗಾಗಿಯೇ ಹೂತಿಟ್ಟ ನಿಧಿ ತೋರಿಸಿದ್ದೇನೆ ಎಂದು ನೋಡುವವರಿಗೆ ಹೇಳುತ್ತಾನೆ. ಇನ್ನು ಉಗ್ರಾಣ. ಅದು ಪೆನಾತೆಸ್ ದೇವರ ಜಾಗ. ಅಲ್ಲಿಂದ ಎಣ್ಣೆ, ಕಾಳು, ಜೇನು ತೆಗೆದುಕೊಡುವವರು ಮೈನೆರೆಯದ ಹುಡುಗ ಅಥವಾ ಹುಡುಗಿಯಾಗಿರಬೇಕು, ಇಲ್ಲವೇ ದಾಂಪತ್ಯದ ಸಂಗದಿಂದ ದೂರವಿದ್ದವರಾಗಿರಬೇಕು ಎಂಬ ಹಳೆಯ ನಿಯಮವನ್ನು ಮೊದಲ ಶತಮಾನದ ಕೊಲುಮೆಲ್ಲ ದಾಖಲಿಸಿದ್ದಾನೆ. ಹೀಗಾಗಿ ಜೇನಿನ ಗಡಿಗೆಗೆ ಕೈ ಹಾಕುವ ಧಾರ್ಮಿಕ ಹಕ್ಕು ಮನೆಯಲ್ಲಿ ಮಕ್ಕಳದೇ. ಇದಕ್ಕಿಂತ ಒಳ್ಳೆಯ ದೈವಶಿಕ್ಷಣ ನನಗೆ ಹೊಳೆಯುತ್ತಿಲ್ಲ.

ವರ್ಷದ ಲೆಕ್ಕದಲ್ಲಿ ಸತ್ತವರಿಗೂ ದಿನಗಳಿದ್ದವು. ಫೆಬ್ರವರಿ 13ರಿಂದ 21ರವರೆಗೆ ಪಾರೆಂತಾಲಿಯ, ಊರಾಚೆಯ ಗೋರಿಗಳಿಗೆ ಹೋಗಿ ಕಾಳು, ಉಪ್ಪು, ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿ, ಬಿಡಿ ಹೂಗಳನ್ನು ಇಟ್ಟು ಬರುವುದು. 22ಕ್ಕೆ ಬದುಕಿರುವ ಬಂಧುಗಳೆಲ್ಲ ಕೂಡಿ ಊಟ. ಆ ದಿನ ಜಗಳಗಂಟರಿಗೆ ಪ್ರವೇಶವಿಲ್ಲ. ಮೇ ತಿಂಗಳ ಮೂರು ರಾತ್ರಿ ಅಪ್ಪ ನಡುರಾತ್ರಿಗೆ ಬರಿಗಾಲಲ್ಲಿ ಎದ್ದು, ಕೈ ತೊಳೆದು, ಹಿಂದಕ್ಕೆ ನೋಡದೆ ಕಪ್ಪು ಅವರೆಯಂಥ ಕಾಳುಗಳನ್ನು ಎಸೆಯುತ್ತ, ಇದರಿಂದ ನನ್ನನ್ನೂ ನನ್ನವರನ್ನೂ ಬಿಡಿಸಿಕೊಳ್ಳುತ್ತೇನೆ ಎಂದು ಒಂಬತ್ತು ಸಲ ಹೇಳಿ ಕಂಚು ಬಡಿಯುತ್ತಿದ್ದ. ಕವಿ ಓವಿಡ್ ಇದನ್ನು ವರ್ಣಿಸುವಾಗ ಮಕ್ಕಳ ಸುದ್ದಿಯೇ ಇಲ್ಲ. ಆ ಕಂಚಿನ ಸದ್ದಿಗೆ ನಿದ್ದೆ ಮಾಡುವ ಮಗು ಯಾವುದು?

ಜೂನ್ 11ರ ಮಾತೆರ್ ಮಾತೂತ ಹಬ್ಬದಲ್ಲಿ ಹೆಂಗಸರು ತಮ್ಮ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ ಹರಸಿಕೊಳ್ಳುತ್ತಿದ್ದರಂತೆ. ಯಾಕೆಂದು ಪ್ಲೂಟಾರ್ಕ್‌ಗೂ ಸರಿಯಾಗಿ ಗೊತ್ತಿಲ್ಲ. ನನ್ನ ತರ್ಕ ಸರಳ: ತಾಯಿ ಸತ್ತರೆ ಮಗು ಹೋಗುವುದು ಚಿಕ್ಕಮ್ಮನ ಮಡಿಲಿಗೆ, ಸಾವು ಆ ಮನೆಗಳಲ್ಲಿ ಆಗಾಗ ಬರುತ್ತಿತ್ತು. ಹುಟ್ಟಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಹತ್ತು ವರ್ಷ ದಾಟುತ್ತಿರಲಿಲ್ಲ ಎಂದು ಜನಸಂಖ್ಯೆಯ ಇತಿಹಾಸಕಾರರ ಅಂದಾಜು. ಗ್ರಾಕ್ಕಸ್ ಸೋದರರ ತಾಯಿ ಕೊರ್ನೇಲಿಯ ಹೆತ್ತದ್ದು 12, ದೊಡ್ಡವರಾದದ್ದು ಮೂವರು. ಹಲ್ಲು ಮೂಡದ ಕೂಸನ್ನು ಸುಡುತ್ತಿರಲಿಲ್ಲ ಎಂದು ರೋಮನ್ ಲೇಖಕ ಪ್ಲಿನಿ ಬರೆದ. ಎಳೆಗೂಸುಗಳನ್ನು ಮನೆಯ ಸೂರಿನಂಚಿನಡಿ ಹೂಳುತ್ತಿದ್ದದ್ದೂ ಉಂಟು. ದೊಡ್ಡ ಪೂಜೆಗಳಲ್ಲಿ ಕೈಗೆ ಪಾತ್ರೆ ಕೊಡಲು ಬೇಕಾಗಿದ್ದವರು ತಂದೆತಾಯಿ ಇಬ್ಬರೂ ಬದುಕಿರುವ ಮಕ್ಕಳೇ. ಕ್ರಿ.ಪೂ. 17ರಲ್ಲಿ ಅಗಸ್ಟಸ್ ಶತಮಾನೋತ್ಸವ ನಡೆಸಿದಾಗ ಹೊರೇಸ್ ಬರೆದ ಸ್ತೋತ್ರವನ್ನು ಹಾಡಿದ 27 ಹುಡುಗರು, 27 ಹುಡುಗಿಯರು ಇಂಥವರು. ಆ ಪಟ್ಟಿಗೆ ಸೇರದ ಮಕ್ಕಳು ಬೀದಿಯ ಅಂಚಿನಲ್ಲಿ ನಿಂತು ನೋಡಿರಬೇಕು. ಸಾವು ಒಬ್ಬ ಅನಾಥನನ್ನು ಎರಡು ಸಲ ಹೊರಗಿಡುತ್ತಿತ್ತು.

ಬಾಲ್ಯ ಮುಗಿಯುವುದಕ್ಕೂ ಒಲೆಯೇ ಸಾಕ್ಷಿ. ಹದಿನೈದು ಹದಿನಾರರ ಹುಡುಗ, ಸಾಮಾನ್ಯವಾಗಿ ಮಾರ್ಚ್ 17ರ ಲಿಬೆರಾಲಿಯ ಹಬ್ಬದಂದು, ಕೊರಳ ಬುಲ್ಲಾ ಬಿಚ್ಚಿ ಲಾರ್ ದೇವರ ಮುಂದೆ ನೇತುಹಾಕಿ ಬಿಳಿಯ ಟೋಗಾ ಉಟ್ಟು ಬೀದಿಗಿಳಿಯುತ್ತಿದ್ದ. ಬೀದಿಯ ತುಂಬ ಐವಿ ಬಳ್ಳಿ ಮುಡಿದ ಮುದುಕಿಯರು ಪುಟ್ಟ ಒಲೆ ಇಟ್ಟುಕೊಂಡು ಜೇನಿನ ಕಡುಬು ಮಾರುತ್ತ ಕೂತಿರುತ್ತಿದ್ದರು. ಹುಡುಗಿಗೆ ಇಂಥ ದಿನ ಬೇರೆಯಿಲ್ಲ, ಮದುವೆಯೇ. ಬೊಂಬೆಗಳನ್ನು ವೀನಸ್‌ಗೆ ಒಪ್ಪಿಸಿ ಹೊರಡಬೇಕು. ಗಂಡನ ಮನೆಗೆ ಮೂರು ಕಾಸು ಒಯ್ಯಬೇಕು: ಕೈಯಲ್ಲಿದ್ದದ್ದು ಗಂಡನಿಗೆ, ಪಾದದಲ್ಲಿಟ್ಟುಕೊಂಡು ನಡೆದದ್ದು ಆ ಮನೆಯ ಒಲೆಯ ಲಾರ್‌ಗಳಿಗೆ, ಚೀಲದಲ್ಲಿದ್ದದ್ದು ಬೀದಿ ಕೂಡುವ ಕಡೆಯ ದೇವರಿಗೆ. ಮನೆ ಬದಲಾದರೆ ದೇವರೂ ಬದಲು. 1889ರಲ್ಲಿ ರೋಮಿನ ನ್ಯಾಯಾಲಯದ ಕಟ್ಟಡಕ್ಕೆ ಪಾಯ ತೋಡುವಾಗ ಕ್ರೆಪೆರೇಯ ತ್ರಿಫೇನ ಎಂಬ ಹುಡುಗಿಯ ಕಲ್ಲಿನ ಶವಪೆಟ್ಟಿಗೆ ಸಿಕ್ಕಿತು. ಎರಡನೆಯ ಶತಮಾನದವಳು. ಪಕ್ಕದಲ್ಲಿ ಕೈಕಾಲು ಮಡಿಸಬಹುದಾದ ದಂತದ ಬೊಂಬೆ. ಮದುವೆಗೆ ಮುಂಚೆ ಹೋದವಳಾದ್ದರಿಂದ ಬೊಂಬೆ ದೇವಿಗೆ ಸಲ್ಲದೆ ಅವಳ ಜೊತೆಗೇ ಹೋಯಿತು ಎಂದು ಅನೇಕರು ಓದುತ್ತಾರೆ. ಬೊಂಬೆ ಈಗ ರೋಮಿನಲ್ಲೇ, ಹಳೆಯ ವಿದ್ಯುತ್ ಸ್ಥಾವರವೊಂದನ್ನು ವಸ್ತುಸಂಗ್ರಹಾಲಯ ಮಾಡಿದ ಮೊಂತೆಮಾರ್ತೀನಿಯಲ್ಲಿದೆ.

392ರ ನವೆಂಬರ್ 8ರಂದು ಚಕ್ರವರ್ತಿ ಥಿಯೊಡೋಸಿಯಸ್ ಹೊರಡಿಸಿದ ಶಾಸನ ಗುಡಿಗಳನ್ನು ದಾಟಿ ಮನೆಯೊಳಕ್ಕೆ ಕೈ ಹಾಕಿತು. ಲಾರ್‌ಗೆ ಬೆಂಕಿ, ಗೆನಿಯಸ್‌ಗೆ ದ್ರಾಕ್ಷಾರಸ, ಪೆನಾತೆಸ್‌ಗೆ ಸುಗಂಧ ಅರ್ಪಿಸಕೂಡದು. ದೀಪ ಹಚ್ಚಕೂಡದು, ಧೂಪ ಹಾಕಕೂಡದು, ಮಾಲೆ ತೂಗುಹಾಕಕೂಡದು. ಗುಡಿಗೆ ಬೀಗ ಹಾಕಬಹುದು, ಪ್ರತಿ ಅಡಿಗೆಮನೆಗೆ ಪೇದೆಯನ್ನು ನಿಲ್ಲಿಸುವುದು ಹೇಗೆ? ಇದಾಗಿ ಹತ್ತು ವರ್ಷಕ್ಕೆ ಕ್ರೈಸ್ತ ಕವಿ ಪ್ರುಡೆನ್ಷಿಯಸ್, ಹಳೆಯ ಧರ್ಮ ಯಾಕೆ ಸಾಯುತ್ತಿಲ್ಲ ಎಂದು ಯೋಚಿಸಿ ಸರಿಯಾದ ಜಾಗಕ್ಕೇ ಬೊಟ್ಟು ಮಾಡಿದ. ಮಾತು ಬಾರದ ಕೂಸಿಗೇ ನೈವೇದ್ಯದ ರುಚಿ ಹತ್ತಿಸುತ್ತಾರೆ, ಎಣ್ಣೆಯಿಂದ ಕಪ್ಪಾದ ಮನೆದೇವರ ಕಲ್ಲನ್ನು ಅದು ಕಂಡಿದೆ, ಬೇಡಿಕೊಳ್ಳುತ್ತ ಬಿಳಿಚಿಕೊಂಡ ತಾಯಿಯ ಮುಖ ಕಂಡಿದೆ, ದಾದಿಯ ಹೆಗಲ ಮೇಲಿಂದ ತಾನೂ ಬಾಗಿ ಕಲ್ಲಿಗೆ ತುಟಿ ಒತ್ತಿದೆ ಎಂದು ಬರೆದ. ಹಗೆಯ ಕಣ್ಣಿಗೆ ಬಿದ್ದಷ್ಟು ಚೆನ್ನಾಗಿ ಇದು ಒಳಗಿನವರ ಕಣ್ಣಿಗೂ ಬಿದ್ದಿರಲಿಲ್ಲ. ಶಾಸನದ ನಂತರವೂ ಮಧ್ಯ ಇಟಲಿಯ ಲುಗ್ನಾನೊ ಊರಿನ ಹತ್ತಿರದ ಹಾಳು ಬಂಗಲೆಯೊಂದರಲ್ಲಿ, ಐದನೆಯ ಶತಮಾನದ ನಡುವೆ, ಮಲೇರಿಯ ಇರಬೇಕೆಂದು ಊಹಿಸಲಾದ ಪಿಡುಗಿಗೆ ಸತ್ತ 47 ಎಳೆಗೂಸುಗಳನ್ನು ಹೂತಿದ್ದಾರೆ. ಜೊತೆಗೆ ನಾಯಿಮರಿಗಳ ಎಲುಬು, ಕಾಗೆ ಜಾತಿಯ ಹಕ್ಕಿಯ ಉಗುರು ಸಿಕ್ಕಿವೆ. ಊರು ಹೆಸರಿಗೆ ಕ್ರೈಸ್ತವಾಗಿದ್ದ ಕಾಲ.

ಒಂದೇ ಮನೆಯಲ್ಲಿ ಹಳೆಯ ಧರ್ಮ, ಕ್ರೈಸ್ತ ಧರ್ಮ ಎರಡೂ ಇದ್ದ ಉದಾಹರಣೆಯನ್ನು ಸಂತ ಜೆರೋಮ್ ಬೆತ್ಲೆಹೆಮ್‌ನಿಂದ ಬರೆದ ಕಾಗದದಲ್ಲಿ ಕಾಣಬಹುದು. ರೋಮಿನ ಲೇತಾ ಎಂಬಾಕೆ ತನ್ನ ಮಗು ಪೌಲಾಳನ್ನು ಹೇಗೆ ಬೆಳೆಸಲಿ ಎಂದು ಕೇಳಿದ್ದಳು. ಲೇತಾಳ ತಂದೆ ಅಲ್ಬೀನಸ್ ಹಳೆಯ ದೇವರುಗಳ ಮಹಾಪುರೋಹಿತರಲ್ಲಿ ಒಬ್ಬ, ಇನ್ನೂ ಕ್ರೈಸ್ತನಾಗದವನು. ಜೆರೋಮ್ ದಂತದ ಅಕ್ಷರಗಳನ್ನು ಆಡಲು ಕೊಟ್ಟು ಓದು ಕಲಿಸು ಎಂದೆಲ್ಲ ಹೇಳಿ, ತಾತ ಕಂಡಕೂಡಲೇ ಮಗು ಅವನ ಎದೆಗೆ ಹಾರಿ, ಕೊರಳಿಗೆ ಜೋತುಬಿದ್ದು, ಅವನು ಬೇಡವೆಂದರೂ ಅಲ್ಲೆಲೂಯ ಹಾಡಲಿ ಎನ್ನುತ್ತಾನೆ. ಕಠೋರ ಸನ್ಯಾಸಿಗೂ ಈ ಯುದ್ಧದ ಮರ್ಮ ತಿಳಿದಿತ್ತು. ಮುದುಕನ ವಾದವನ್ನು ಗೆಲ್ಲುವುದು ಕಷ್ಟ, ಮೊಮ್ಮಗಳನ್ನು ಕಳಿಸುವುದು ಸುಲಭ. ಅಲ್ಬೀನಸ್ ಏನು ಮಾಡಿದನೋ ಕಾಗದದಲ್ಲಿಲ್ಲ. ಆ ಮುದುಕನ ಕಡೆ ನನ್ನ ಒಲವಿದೆ ಎಂದು ಮುಚ್ಚಿಡುವುದಿಲ್ಲ.

ಕಡೆಗೆ ಅಗಸ್ಟೀನನ ಮನೆಯ ಕಥೆಯನ್ನೇ ನೋಡಿ. ಅಪ್ಪ ಪ್ಯಾಟ್ರೀಷಿಯಸ್ ಬಾಳಿನ ಕೊನೆಗಾಲದವರೆಗೂ ಹಳೆಯ ನಂಬಿಕೆಯವನು. ತಾಯಿ ಮೊನಿಕಾ ಕ್ರೈಸ್ತ ಮನೆಯಲ್ಲೇ ಹುಟ್ಟಿ ಬೆಳೆದವಳು. 385ರ ಸುಮಾರಿಗೆ ಮಗನ ಹಿಂದೆ ಆಕೆ ಮಿಲಾನಿಗೆ ಬಂದಳು. ಬಂದವಳು ಆಫ್ರಿಕದ ತನ್ನೂರಿನ ರೂಢಿಯಂತೆ ಗಂಜಿ, ರೊಟ್ಟಿ, ದ್ರಾಕ್ಷಾರಸವನ್ನು ಬುಟ್ಟಿಯಲ್ಲಿಟ್ಟುಕೊಂಡು ಸಂತರ ಸಮಾಧಿಗಳಿಗೆ ಹೊರಟಳು. ಕಾವಲುಗಾರ ತಡೆದ. ಇದು ಪೇಗನ್ನರ ಪಾರೆಂತಾಲಿಯದಂತೆಯೇ ಕಾಣುತ್ತದೆ, ಕೂಡದು ಎಂದು ಬಿಷಪ್ ಆಂಬ್ರೋಸ್ ನಿಷೇಧಿಸಿದ್ದ. ಮೊನಿಕಾ ಮರುಮಾತಾಡದೆ ಬುಟ್ಟಿಯನ್ನು ಹಿಂದಕ್ಕೆ ಒಯ್ದಳು. ವರ್ಷಗಳ ಮೇಲೆ ಇದನ್ನು ಬರೆಯುವಾಗ ಅಗಸ್ಟೀನ್ ಒಂದು ಮಾತು ಸೇರಿಸುತ್ತಾನೆ: ಅಮ್ಮನಿಗೆ ಆಂಬ್ರೋಸ್ ಮೇಲೆ ಅಷ್ಟು ಪ್ರೀತಿ ಇದ್ದದ್ದಕ್ಕೆ ಆಯಿತು, ಬೇರೆ ಯಾರಾದರೂ ಬೇಡವೆಂದಿದ್ದರೆ ಆಕೆ ಈ ರೂಢಿಯನ್ನು ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲವೇನೋ.